ಸಹಿಯ ಬೆಲೆ

ಜರ್ಸಿ ಸಿಟಿಯ ನ್ಯೂವಾರ್ಕ್ ಅವೆನ್ಯೂದ ಆಸುಪಾಸಿನಲ್ಲಿ ತೆರಿಗೆಯ ಕಾಲ ಬಂತೆಂದರೆ, ಬೇರೆ ಮನೆ ಮಾಡಿಕೊಂಡ ದಂಪತಿಗಳ ನಡುವೆ ಒಂದು ಪ್ರಶ್ನೆ ಏಳುತ್ತದೆ: ಮಗು ಯಾರ ಅವಲಂಬಿತ? ಖರ್ಚು ಕೊಡುವವನು ತಾನಾದ್ದರಿಂದ ಹಕ್ಕೂ ತನ್ನದೇ ಎಂಬುದು ತಂದೆಯ ವಾದ. ಕನ್ನಡಿಗರ ಬಳಗದ ಹಿರಿಯರೂ ಹೌದೆಂದು ತಲೆದೂಗುತ್ತಾರೆ. ಅಮೆರಿಕದ ತೆರಿಗೆ ಇಲಾಖೆ ಮಾತ್ರ ಎಣಿಸುವುದು ರಾತ್ರಿಗಳನ್ನು. ವರ್ಷದಲ್ಲಿ ಮಗು ಯಾರ ಬಳಿ ಹೆಚ್ಚು ರಾತ್ರಿ ಕಳೆಯಿತೋ ಹಕ್ಕು ಅವರದು. ಲೆಕ್ಕ ಸಮವಾದರಷ್ಟೇ ಹೆಚ್ಚು ಆದಾಯದವರದು. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆಯಿಟ್ಟು ಎಚ್ಚರವಿದ್ದವಳು ಸರ್ಕಾರಿ ಕಡತದಲ್ಲಿ ಲೆಕ್ಕಕ್ಕೆ ಬರುವುದು ಅಪರೂಪವೇ.

ಆದರೆ ಅದೇ ಕಡತ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಸಿಯುತ್ತದೆ. ಎಚ್-4 ವೀಸಾದಲ್ಲಿರುವ ತಾಯಿಗೆ ಕೆಲಸದ ಪರವಾನಗಿ ಸಿಗುವುದು, ಅದೂ 2015ರಿಂದ ಈಚೆಗೆ, ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ಮುಟ್ಟಿದ್ದರೆ ಮಾತ್ರ. ಪರವಾನಗಿಯಿಲ್ಲದವಳಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಿಲ್ಲ, ಸಂಬಳವಿಲ್ಲ. 2025ರ ಸಾಲಿಗೆ ಮಗುವೊಂದಕ್ಕೆ ಗರಿಷ್ಠ 2,200 ಡಾಲರ್ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಉಂಟು. ಇಲ್ಲೇ ಹುಟ್ಟಿದ ಮಗುವಿಗೆ ಸಂಖ್ಯೆಯಿದ್ದರೆ ಸಾಲದು, ಬೇರೆಯಾಗಿ ರಿಟರ್ನ್ ಸಲ್ಲಿಸುವ ತಾಯಿಗೂ ಇರಬೇಕೆಂದು ಆ ವರ್ಷದ ಜುಲೈನಲ್ಲಿ ಬಂದ ಕಾನೂನು ಹೇಳುತ್ತದೆ. ಸಂಖ್ಯೆಯಿದ್ದರೂ ದುಡಿಮೆಯಿಲ್ಲದವಳಿಗೆ ಅದರಿಂದ ಕಾಸೂ ದಕ್ಕದು. ವಿಚ್ಛೇದನವಾದರೆ ಎಚ್-4 ಕೂಡ ಹೋಗುತ್ತದೆ. ಹಾಗಾಗಿ ಕೋರ್ಟಿನ ಮೆಟ್ಟಿಲೇರಲೂ ಅವಳಿಗೆ ಅಂಜಿಕೆ.

ಅವಳ ಕೈಯಲ್ಲಿ ಉಳಿಯುವುದು ಒಂದು ಸಹಿ. ವರ್ಷದ ಕೊನೆಯ ಆರು ತಿಂಗಳು ದಂಪತಿಗಳು ಬೇರೆಯಾಗಿದ್ದು, ಮಗುವನ್ನು ಇಟ್ಟುಕೊಂಡವಳು 8332ನೆಯ ನಮೂನೆಗೆ ಸಹಿ ಹಾಕಿದರೆ ಆ ಕ್ರೆಡಿಟ್ ಗಂಡನಿಗೆ ಸಲ್ಲಬಹುದು. ಸಹಿಯಿಲ್ಲದೆ ಸಲ್ಲದು. ‘ಒಂದು ಸಹಿ ತಾನೇ, ಹಾಕಿಬಿಡಮ್ಮ’ ಎಂದು ಬೆಂಗಳೂರಿನಿಂದ ಅತ್ತೆ ಮಾವ ಫೋನ್ ಮಾಡುತ್ತಾರೆ. ಎಡಿಸನ್ನಿನಿಂದ ಹಿತೈಷಿಗಳೂ ಮಾಡುತ್ತಾರೆ. ಹೊಂದಿಕೊಂಡು ಹೋಗು ಎಂಬ ಹಳೆಯ ಉಪದೇಶಕ್ಕೆ ಇದೀಗ ಸರ್ಕಾರಿ ನಮೂನೆಯೊಂದು ಸಿಕ್ಕಂತಾಗಿದೆ. ಆ ಹಣ ಹುಟ್ಟುವುದು ಅವಳು ಕಾದ ರಾತ್ರಿಗಳಿಂದ ಎಂಬುದನ್ನು ಯಾರೂ ಆಡುವುದಿಲ್ಲ.

ಸಹಿ ಕೊಡಲೇಬಾರದೆಂದಲ್ಲ. ಅವಳಿಗೆ ಉಪಯೋಗವಿಲ್ಲದ ಕ್ರೆಡಿಟ್ಟು ವ್ಯರ್ಥವಾಗುವುದಕ್ಕಿಂತ, ಅದರ ಮೊತ್ತ ಮಗುವಿನ ಜೀವನಾಂಶಕ್ಕೆ ಸೇರಲಿ ಎಂದು ಬರವಣಿಗೆಯಲ್ಲಿ ಕೇಳುವುದು ನ್ಯಾಯ. ಕೊಡುವುದಾದರೆ ಒಂದೇ ವರ್ಷಕ್ಕೆ ಕೊಡಬೇಕು. ಮುಂದಿನ ಎಲ್ಲ ವರ್ಷಗಳಿಗೂ ಬಿಟ್ಟುಕೊಡುವ ಭಾಗ ಅದೇ ಹಾಳೆಯಲ್ಲಿ ಕೆಳಗಿದೆ, ಅವಸರದಲ್ಲಿ ಅದಕ್ಕೂ ಸಹಿ ಬೀಳುವುದುಂಟು. ಹಿಂತೆಗೆಯಲು ಅವಕಾಶವಿದ್ದರೂ, ಗಂಡನಿಗೆ ತಿಳಿಸಿದ ವರ್ಷದ ಮರುವರ್ಷದಿಂದಷ್ಟೇ ಅದು ಜಾರಿಗೆ ಬರುತ್ತದೆ.