ಹೈಫಾಗೆ ಒಂದು ದಿನ, ಮೈಸೂರು ಲ್ಯಾನ್ಸರ್ಸ್‌ಗೆ ನಾಲ್ಕು ವರ್ಷ

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮದು. ಒಂದು ಹೈದರಾಬಾದಿನ ಸವಾರ, ಇನ್ನೊಂದು ಜೋಧಪುರದವನು, ಮತ್ತೊಂದು ಮೈಸೂರಿನವನು. ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಬ್ರಿಟಿಷ್ ಶಿಲ್ಪಿ ಮಾಡಿದ ಈ ಸ್ಮಾರಕ ನಿಂತಿದ್ದು 1922ರಲ್ಲಿ. 2018ರ ಜನವರಿ 14ರಂದು, ನೆತನ್ಯಾಹು ದೆಹಲಿಗೆ ಬಂದಿಳಿದ ದಿನ, ಆ ವೃತ್ತದ ಹೆಸರು 'ತೀನ್ ಮೂರ್ತಿ ಹೈಫಾ ಚೌಕ' ಅಂತಾಯ್ತು.

ಅಲ್ಲಿಂದಾಚೆ ಪ್ರತಿ ಸೆಪ್ಟೆಂಬರ್ 23ಕ್ಕೆ ಮೈಸೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮೆಸೇಜು ಓಡಾಡುತ್ತೆ. 'ಇಸ್ರೇಲಿನ ಹೈಫಾ ನಗರವನ್ನು ಬಿಡುಗಡೆ ಮಾಡಿದ ಮೈಸೂರು ವೀರರು', 'ಬರೀ ಈಟಿ ಹಿಡಿದು ಮಷಿನ್ ಗನ್ ಎದುರಿಸಿದವರು', 'ಜಗತ್ತಿನ ಕೊನೆಯ ಅಶ್ವದಳ ದಾಳಿ'. ಅದರ ಕೆಳಗೇ ನಮ್ಮ ಕಡೆಯ ಗೆಳೆಯರ ಉತ್ತರ: 'ಬ್ರಿಟಿಷರ ಬಾಡಿಗೆ ಸೈನಿಕರು, ಹೆಮ್ಮೆಪಡೋಕೆ ಏನಿದೆ?' 2023ರ ಅಕ್ಟೋಬರ್ ನಂತರ ಈ ಜಗಳಕ್ಕೆ ಇನ್ನಷ್ಟು ಕಾವು ಬಂದಿದೆ. ಗಾಜಾದ ಪರ ಯಾರೋ ಒಂದು ಪೋಸ್ಟ್ ಹಾಕಿದರೆ ಸಾಕು, 'ನಮ್ಮ ಮೈಸೂರಿನವರು ಆವತ್ತೇ ಇಸ್ರೇಲಿನ ಪಕ್ಷದಲ್ಲಿದ್ದರು' ಎಂದು ಹೈಫಾವನ್ನು ತಂದು ಮುಖಕ್ಕೆ ಹಿಡೀತಾರೆ.

ಈ ವಾದ ಒಂದು ಕ್ಯಾಲೆಂಡರ್ ನೋಡಿದರೆ ಬಿದ್ದುಹೋಗುತ್ತೆ. 1918ರಲ್ಲಿ ಇಸ್ರೇಲ್ ಎಂಬ ದೇಶವೇ ಇರಲಿಲ್ಲ. ಹೈಫಾ ಆಗ ಒಟ್ಟೊಮನ್ ಸಾಮ್ರಾಜ್ಯದ ಒಂದು ಬಂದರು. ಅರಬ್ ಮುಸ್ಲಿಮರು, ಅರಬ್ ಕ್ರೈಸ್ತರು, ಯಹೂದಿಗಳು, ಜರ್ಮನಿಯಿಂದ ಬಂದು ನೆಲೆಸಿದವರು ಎಲ್ಲ ಇದ್ದ ಊರು. ತುರ್ಕರ ಕೈಯಿಂದ ಅದು ಹೋಗಿದ್ದು ಬ್ರಿಟಿಷರ ಕೈಗೆ. ಇಸ್ರೇಲ್ ಹುಟ್ಟಲು ಇನ್ನೂ 30 ವರ್ಷ ಬೇಕಿತ್ತು. 1948ರ ಏಪ್ರಿಲಿನಲ್ಲಿ ಅದೇ ಹೈಫಾದ ಬಹುಪಾಲು ಅರಬ್ ಜನ ಮನೆಮಠ ಬಿಟ್ಟು ಹೋಗಬೇಕಾಯಿತು. ಹೀಗಿರುವಾಗ 'ಬಿಡುಗಡೆ' ಅಂದರೆ ಯಾರಿಗೆ, ಯಾರಿಂದ?

ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ನಾವೂ ಆ ಸವಾರರನ್ನು ಇನ್ನೊಂದು ಸಲ ಮರೆತಂತೆಯೇ. ಅವರು ಯುದ್ಧಕ್ಕೆ ಹೋಗಿದ್ದು ಒಂದು ದಿನದ ಮಟ್ಟಿಗಲ್ಲ.

ಮೊದಲು, ಇವರು ಯಾರ ಸೈನಿಕರು? ಬ್ರಿಟಿಷ್ ಇಂಡಿಯನ್ ಆರ್ಮಿಯವರಲ್ಲ. 1880ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ 'ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್' ಎಂಬ ಸ್ಕೀಮ್ ತಂದಿತು. ಸೈನ್ಯ ಸಂಸ್ಥಾನದ್ದು, ಸಂಬಳ ಸಂಸ್ಥಾನದ್ದು, ಕುದುರೆಯ ಹುರುಳಿ-ಹುಲ್ಲೂ ಸಂಸ್ಥಾನದ್ದೇ; ಯುದ್ಧ ಬಂದಾಗ ಬಳಸುವವರು ಮಾತ್ರ ಸಾಮ್ರಾಜ್ಯದವರು. ಈಗಿನ ಭಾಷೆಯಲ್ಲಿ ಹೇಳೋದಾದರೆ ಔಟ್‌ಸೋರ್ಸಿಂಗ್, ಅದೂ ಬಿಲ್ ಕೂಡ ನಾವೇ ಕಟ್ಟಿಕೊಳ್ಳುವಂಥದ್ದು. ಮೈಸೂರಿಗೆ ಇದು ಹೊಸದೇನಲ್ಲ. ಟಿಪ್ಪು ಬಿದ್ದ ಮೇಲೆ, 1807ರಿಂದಲೇ ಕಂಪನಿಗಾಗಿ 4,000 ಸವಾರರನ್ನು ಸಾಕುವ ಹೊಣೆ ಸಂಸ್ಥಾನದ ತಲೆ ಮೇಲಿತ್ತು.

ಈ ಪಡೆಗಳಲ್ಲಿ ಒಂದು ವಿಶೇಷವೂ ಇತ್ತು. ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿ ಒಂದು ರೆಜಿಮೆಂಟಿನ ಕಮಾಂಡ್ ಭಾರತೀಯನಿಗೆ ಸಿಗುವ ಮಾತೇ ಇರಲಿಲ್ಲ. ಸಂಸ್ಥಾನದ ಪಡೆಗಳಲ್ಲಿ ಮಾತ್ರ ಭಾರತೀಯ ಅಧಿಕಾರಿಗಳೇ ಮುಂದೆ ನಿಲ್ಲುತ್ತಿದ್ದರು. ಮೈಸೂರು ಲ್ಯಾನ್ಸರ್ಸ್‌ನಲ್ಲಿ ಬಿ. ಚಾಮರಾಜ ಅರಸ್, ಮೀರ್ ತುರಾಬ್ ಅಲಿಯಂಥ ಅಧಿಕಾರಿಗಳಿದ್ದರು. 'ಸಲಹೆ' ಕೊಡಲು ಪಕ್ಕದಲ್ಲಿ ಬ್ರಿಟಿಷ್ ಆಫೀಸರುಗಳು ಇರುತ್ತಿದ್ದರು, ಬ್ರಿಗೇಡಿನ ಮೇಲೆ ಬ್ರಿಟಿಷ್ ಬ್ರಿಗೇಡಿಯರ್ ಜನರಲ್ ಇರುತ್ತಿದ್ದ, ಅದು ಬೇರೆ ಮಾತು. ಸಲಹೆ ಯಾವಾಗ ಆಜ್ಞೆ ಆಗುತ್ತೆ ಅಂತ ಕೆಲಸ ಮಾಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ 50 ಲಕ್ಷ ರೂಪಾಯಿ ಕೊಟ್ಟರು. ಆಗ ದಿವಾನರು ವಿಶ್ವೇಶ್ವರಯ್ಯ. ಕನ್ನಂಬಾಡಿ ಕಟ್ಟೆಯ ಕೆಲಸ ನಡೀತಾ ಇತ್ತು, ಎರಡು ವರ್ಷದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಾಗಿಲು ತೆರೆಯುವುದಿತ್ತು. ಸಂಸ್ಥಾನ ಪ್ರತಿ ವರ್ಷ 35 ಲಕ್ಷ ರೂಪಾಯಿ ಪೊಗದಿಯನ್ನು ಬ್ರಿಟಿಷರಿಗೆ ಕಟ್ಟುತ್ತಲೇ ಇತ್ತು. ಅಂದರೆ ಒಂದೂವರೆ ವರ್ಷದ ಪೊಗದಿಗೆ ಹತ್ತಿರಹತ್ತಿರದ ಮೊತ್ತ ಒಂದೇ ಏಟಿಗೆ ಯುದ್ಧದ ಖಾತೆಗೆ ಹೋಯಿತು. ಪ್ರಗತಿಪರ 'ಮಾದರಿ ಮೈಸೂರು' ಅಂತ ನಾವು ಹೇಳಿಕೊಳ್ಳುವಾಗ ಈ ಸಾಲನ್ನೂ ಲೆಕ್ಕಪುಸ್ತಕದಲ್ಲಿ ಇಟ್ಟುಕೊಂಡು ಓದಬೇಕು.

ಮೈಸೂರು, ಹೈದರಾಬಾದ್, ಪಟಿಯಾಲಾ ಲ್ಯಾನ್ಸರ್ಸ್ ಸೇರಿ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಆಯಿತು. 1914ರ ಕೊನೆಯಲ್ಲಿ ಈಜಿಪ್ಟಿಗೆ ಹೋಯಿತು. 1915ರ ಫೆಬ್ರವರಿಯಲ್ಲಿ ತುರ್ಕರು ಸೂಯೆಜ್ ಕಾಲುವೆ ಮೇಲೆ ಬಿದ್ದಾಗ ಬ್ರಿಗೇಡ್ ಅಲ್ಲೇ ಕಾವಲಿಗಿತ್ತು. ಅದೇ ತಿಂಗಳು ಸಿಂಗಾಪುರದಲ್ಲಿ ಭಾರತೀಯ ಸೈನಿಕರ ಒಂದು ರೆಜಿಮೆಂಟ್ ದಂಗೆ ಎದ್ದಿತು. ಖಲೀಫನ ವಿರುದ್ಧ ಹೋರಾಡಲು ನಮ್ಮನ್ನು ಕಳಿಸುತ್ತಾರೆ ಎಂಬ ಭಯವೂ ಅದರ ಹಿಂದೆ ಇತ್ತು. ಒಟ್ಟೊಮನ್ ಸುಲ್ತಾನ ಆಗಲೇ ಜಿಹಾದ್ ಘೋಷಿಸಿದ್ದ. ಹೈದರಾಬಾದಿನ ನಿಜಾಮ ಮುಸ್ಲಿಮರು ಬ್ರಿಟಿಷರಿಗೆ ನಿಷ್ಠರಾಗಿರಬೇಕು ಎಂದು ಫರ್ಮಾನು ಹೊರಡಿಸಿದ್ದ. ಇದರ ನಡುವೆ ಮೈಸೂರಿನ ಮುಸ್ಲಿಂ ಸವಾರ ಕುದುರೆ ಮೇಲೆ ಕೂತು ಏನು ಯೋಚಿಸುತ್ತಿದ್ದ? ಇವತ್ತಿನ 'ಹಿಂದೂ ವೀರರು ಯಹೂದಿಗಳನ್ನು ಕಾಪಾಡಿದರು' ಎಂಬ ಮೆಸೇಜಿನಲ್ಲಿ ಅವನಿಗೆ ಜಾಗವೇ ಇಲ್ಲ. ಹಾಗಂತ 'ಬಾಡಿಗೆ ಸೈನಿಕ' ಎಂಬ ಬೈಗುಳದಲ್ಲೂ ಅವನು ಹಿಡಿಸಲ್ಲ. 1918ರಲ್ಲಿ ಗಾಂಧೀಜಿಯೇ ಖೇಡಾದ ಹಳ್ಳಿಹಳ್ಳಿ ತಿರುಗಿ ಇದೇ ಯುದ್ಧಕ್ಕೆ ಸೈನಿಕರನ್ನು ಸೇರಿಸಲು ಹೊರಟಿದ್ದರು ಎನ್ನೋದನ್ನ ನೆನಪಿಟ್ಟುಕೊಂಡರೆ ಈ ಬೈಗುಳ ಎಷ್ಟು ಸಲೀಸಾಗಿ ಬಾಯಿಗೆ ಬಂತು ಅಂತ ಗೊತ್ತಾಗುತ್ತೆ.

ಎಂಜಿನಿಯರಿಂಗ್ ಓದಿದ ಚಾಳಿಗೆ ನನಗೆ ಈ ಯುದ್ಧದಲ್ಲಿ ಮೊದಲು ಕಾಣೋದು ನೀರು. ಒಂದು ಕುದುರೆಗೆ ದಿನಕ್ಕೆ ಕಡಿಮೆ ಅಂದ್ರೂ 30 ಲೀಟರ್ ಬೇಕು. 500 ಕುದುರೆಗಳ ಒಂದು ರೆಜಿಮೆಂಟಿಗೆ 15,000 ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ ಎರಡೂವರೆ ಟ್ಯಾಂಕರ್, ದಿನಾ, ಮರಳುಗಾಡಿನಲ್ಲಿ. ಹಾಗಾಗಿ ಬ್ರಿಟಿಷರು ಸಿನಾಯ್ ಮರಳುಗಾಡಿಗೆ ಅಡ್ಡಲಾಗಿ ರೈಲು ಹಳಿಯನ್ನೂ, ಪಕ್ಕದಲ್ಲೇ ನೈಲ್ ನೀರಿನ ಪೈಪನ್ನೂ ಹಾಕುತ್ತಾ ಮುಂದೆ ಹೋದರು. ಹಾಕಿದ್ದು ಈಜಿಪ್ಟಿನ ಕೂಲಿಗಳು. ಈಟಿ ಹಿಡಿದ ಸವಾರನ ಪೋಸ್ಟರ್ ಸಿಗುತ್ತೆ; ಪೈಪ್ ಹೊತ್ತವನ ಪೋಸ್ಟರ್ ಎಲ್ಲೂ ಸಿಗಲ್ಲ.

ಆ ಪೈಪು, ಆ ಹಳಿ ತಲುಪಿದ್ದು ಗಾಜಾದ ಬಾಗಿಲಿಗೆ. 1917ರಲ್ಲಿ ಗಾಜಾಕ್ಕಾಗಿ ಮೂರು ಕದನ ನಡೆದವು. ಮೊದಲ ಎರಡರಲ್ಲಿ ಬ್ರಿಟಿಷರು ಸೋತರು. ಮೂರನೆಯದರ ಕೊನೆಗೆ, ನವೆಂಬರ್ 7ರಂದು, ತುರ್ಕರು ಖಾಲಿ ಮಾಡಿದ, ಶೆಲ್ ಬಿದ್ದು ಹಾಳಾಗಿದ್ದ ಗಾಜಾ ಪಟ್ಟಣದ ಮೂಲಕ ಈ ಬ್ರಿಗೇಡ್ ಸಾಗಿ ಬೇಟ್ ಹನೂನ್ ತಲುಪಿತು. ಗಾಜಾ, ಬೇಟ್ ಹನೂನ್. ಕಳೆದ ಕೆಲವು ವರ್ಷಗಳಲ್ಲಿ ಡ್ರೋನ್ ವಿಡಿಯೋಗಳಲ್ಲಿ ನಾವು ನೋಡಿದ, ನೆಲಸಮವಾದ ಅದೇ ಊರುಗಳು. ನಮ್ಮ ಸಂಸ್ಥಾನದ ಬ್ರಿಗೇಡ್ 100 ವರ್ಷಕ್ಕೂ ಹಿಂದೆ ಅದೇ ಊರಿನ ಇನ್ನೊಂದು ಕಾಲದ ಅವಶೇಷಗಳ ನಡುವೆ ಹಾದುಹೋಯಿತು. 'ಮೈಸೂರಿಗೂ ಗಾಜಾಗೂ ಏನು ಸಂಬಂಧ' ಅಂತ ಕೇಳುವವರಿಗೆ ನನ್ನ ಹತ್ತಿರ ಇರುವ ಉತ್ತರ ಇದು. ಆದರೆ ತೀನ್ ಮೂರ್ತಿಗೆ ಗಾಜಾದ ಹೆಸರಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

1918ರಲ್ಲಿ ಜೋಧಪುರದವರು ಫ್ರಾನ್ಸಿನಿಂದ ಬಂದು ಬ್ರಿಗೇಡ್ ಸೇರಿದರು. ಆ ಬೇಸಿಗೆ ಜೋರ್ಡಾನ್ ಕಣಿವೆಯಲ್ಲಿ ಕಳೆಯಿತು. ಸಮುದ್ರಮಟ್ಟಕ್ಕಿಂತ 300 ಮೀಟರಿಗೂ ಕೆಳಗಿನ ಜಾಗ, ಸುಡುವ ಬಿಸಿಲು, ಧೂಳು, ಮಲೇರಿಯಾ. ಅದಾದ ಮೇಲೆ ಹೈಫಾ.

ಹೈಫಾ ಕದನ ನಿಜಕ್ಕೂ ದೊಡ್ಡ ಸಾಹಸವೇ, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಉಬ್ಬಿಸುವ ಅಗತ್ಯವೇ ಇಲ್ಲ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಕೆಸರು, ನಡುವೆ ಊರಿಗೆ ಹೋಗುವ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮಷಿನ್ ಗನ್. ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಬ್ರಿಟಿಷರು ಕಳಿಸಿದ ಕವಚದ ಮೋಟಾರುಗಳು ಗುಂಡೇಟು ತಿಂದು ವಾಪಸಾಗಿದ್ದವು. ಹೊಸ ತಂತ್ರಜ್ಞಾನ ಕೈಕೊಟ್ಟ ಜಾಗಕ್ಕೆ ಮರುದಿನ ಹಳೆಯದನ್ನು ಕಳಿಸಿದರು.

ಮೈಸೂರಿನ ಒಂದು ಸ್ಕ್ವಾಡ್ರನ್‌ಗೆ ಸಿಕ್ಕಿದ್ದು ಬೆಟ್ಟ. ಕಡಿದಾದ ಕಾಲುದಾರಿಯಲ್ಲಿ ಕಾರ್ಮೆಲ್ ಹತ್ತಿ ಮೇಲಿನ ತೋಪುಗಳ ಬಾಯಿ ಮುಚ್ಚಿಸಬೇಕು. ಅವರಿಗೆ ನೆರವಾಗಿ ಷರ್‌ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ಸ್ಕ್ವಾಡ್ರನ್ ಕೂಡ ಹತ್ತಿತು. ಕೆಳಗೆ ಜೋಧಪುರದವರು ಮಧ್ಯಾಹ್ನ ನುಗ್ಗಿದರು. ಹೊಳೆ ದಾಟಲು ಹೋದ ಮುಂಚೂಣಿ ಕುದುರೆಗಳು ಉಸುಬಿನಲ್ಲಿ ಹೂತುಹೋದವು, ದಳ ಅಲ್ಲೇ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮಷಿನ್ ಗನ್‌ಗಳ ಮೇಲೆ ಬಿತ್ತು. ಮೇಜರ್ ದಳಪತ್ ಸಿಂಗ್ ಅಲ್ಲೇ ಸತ್ತರು. ಹಿಂದೆಯೇ ಮೈಸೂರಿನವರೂ ಊರೊಳಗೆ ನುಗ್ಗಿದರು. ಸಂಜೆಯೊಳಗೆ 1,350 ಸೆರೆಯಾಳುಗಳು, 17 ಫಿರಂಗಿ, 11 ಮಷಿನ್ ಗನ್ ವಶ. ಸತ್ತವರು 8, ಗಾಯಗೊಂಡವರು 34. ಕುದುರೆಗಳಲ್ಲಿ 60 ಸತ್ತವು, 83 ಗಾಯಗೊಂಡವು. ಈ ಲೆಕ್ಕದಲ್ಲಿ ಏಟು ತಿಂದಿದ್ದು ಮುಖ್ಯವಾಗಿ ಕುದುರೆಗಳು.

'ಬರೀ ಈಟಿ' ಅನ್ನೋದು ಸುಳ್ಳು. ಬ್ರಿಗೇಡಿನ ಹತ್ತಿರ ತನ್ನದೇ ಮಷಿನ್ ಗನ್‌ಗಳಿದ್ದವು, ಹಿಂದೆ ಬ್ರಿಟಿಷ್ ತೋಪುಗಳ ಬೆಂಬಲವಿತ್ತು. ಇನ್ನು ತೀನ್ ಮೂರ್ತಿಯಲ್ಲಿ ನಿಂತಿರುವ ಹೈದರಾಬಾದಿನ ಸವಾರರು ಹೈಫಾ ದಾಳಿಯಲ್ಲಿ ಇರಲೇ ಇಲ್ಲ. ಅವರಿಗೆ ಸೆರೆಯಾಳುಗಳನ್ನು ಕಾಯುವ ಕೆಲಸ ಬಿದ್ದಿತ್ತು. ಮತ್ತೆ ಅವರ ಪ್ರತಿಮೆ ಯಾಕಿದೆ? ಯಾಕಂದ್ರೆ ಆ ಸ್ಮಾರಕ ಹೈಫಾದ್ದಲ್ಲ. ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾದಲ್ಲಿ ಸತ್ತ ಇಡೀ ಬ್ರಿಗೇಡಿನದು. ಹೆಸರು ಬದಲಿಸಿದವರು ಇದನ್ನು ಓದಿಯೂ ಬದಲಿಸಿದರಾ ಅಥವಾ ಓದದೇ ಬದಲಿಸಿದರಾ, ಎರಡರಲ್ಲಿ ಯಾವುದು ವಾಸಿ ಅಂತ ನನಗೆ ತೀರ್ಮಾನ ಮಾಡೋಕೆ ಆಗಿಲ್ಲ.

'ಕೊನೆಯ ದಾಳಿ' ಅನ್ನೋದೂ ಅಷ್ಟೇ. ಹೈಫಾ ಆಗಿ ಒಂದು ತಿಂಗಳು ಕಳೆದು, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಆಚೆಗಿನ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದ ದಳಗಳು ಮತ್ತೆ ನುಗ್ಗಿದವು. ಎದುರಿಗಿದ್ದ ತುರ್ಕರು ಅಂದಾಜಿಗಿಂತ ತುಂಬಾ ಜಾಸ್ತಿ ಇದ್ದರು. ಆ ಭಾಗದಲ್ಲಿ ಅವರ ಸೇನಾನಿ ಮುಸ್ತಫಾ ಕೆಮಾಲ್, ಮುಂದೆ ಅತಾತುರ್ಕ್ ಆದವರು. ದಾಳಿ ಫಲಿಸಲಿಲ್ಲ, ದಳ ಹಿಂದೆ ಸರಿಯಬೇಕಾಯಿತು. 21 ಜನ ಸತ್ತರು, 56 ಜನ ಗಾಯಗೊಂಡರು. ಹೈಫಾದಲ್ಲಿ ಸತ್ತವರ ಎರಡೂವರೆ ಪಟ್ಟು. ನಾಲ್ಕು ದಿನಕ್ಕೆ, ಅಕ್ಟೋಬರ್ 30ಕ್ಕೆ, ತುರ್ಕಿಯ ಜೊತೆ ಕದನವಿರಾಮಕ್ಕೆ ಸಹಿ ಬಿತ್ತು.

ಹರಿತಾನ್ ದಿನ ಅಂತ ಯಾರೂ ಆಚರಿಸಲ್ಲ. ಅದು ಗೆಲುವಲ್ಲ, ಒಂದು ಕಾರಣ. ಇನ್ನೊಂದು ಕಾರಣ, ಹರಿತಾನ್ ಇರೋದು ಸಿರಿಯಾದಲ್ಲಿ. ಸಿರಿಯಾದಿಂದ ನಾವು ಕ್ಷಿಪಣಿ, ಡ್ರೋನ್ ಕೊಳ್ಳಲ್ಲ. ಹೈಫಾದ ನೆನಪು ಮತ್ತೆ ಜೋರಾಗಿದ್ದು 2017ರ ಜುಲೈನಲ್ಲಿ ಮೋದಿ ಅಲ್ಲಿನ ಭಾರತೀಯ ಸ್ಮಶಾನಕ್ಕೆ ನೆತನ್ಯಾಹು ಜೊತೆ ಹೋದಾಗ. 2025ರ ಸೆಪ್ಟೆಂಬರಿನಲ್ಲಿ ಹೈಫಾದ ಮೇಯರ್ ಯೋನಾ ಯಹಾವ್, ನಗರ ಬಿಡಿಸಿದ್ದು ಬ್ರಿಟಿಷರಲ್ಲ ಭಾರತೀಯರು ಎಂದು ತಮ್ಮ ಶಾಲೆಗಳ ಪಠ್ಯ ತಿದ್ದುತ್ತಿದ್ದೇವೆ ಅಂದರು. ಸತ್ತ ಸವಾರನಿಗೆ ಗೌರವ ಸಿಗೋದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಗೌರವಕ್ಕೆ ಗಾಜಾ ಹೊತ್ತಿ ಉರಿಯುವಾಗ ಭಾರತ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಷರತ್ತು ಅಂಟಿಕೊಂಡಿದ್ದರೆ, ಅದು ಆ ಸವಾರ ಹಾಕಿದ ಷರತ್ತಲ್ಲ. ಅವನನ್ನು ಒಂದು ಸಲ ಸಾಮ್ರಾಜ್ಯ ಬಳಸಿಕೊಂಡಿತು. ಈಗ ಎರಡನೇ ಸಲ.

ಮೈಸೂರಿನಲ್ಲಿ ಇವರ ಕುರುಹು ಹುಡುಕಿದರೆ ಸಿಗೋದು ಕುದುರೆಗಳೇ. ಸಂಸ್ಥಾನದ ಪಡೆಗಳು ವಿಲೀನವಾದ ಮೇಲೆ ಮೈಸೂರು ಲ್ಯಾನ್ಸರ್ಸ್‌ನ ಒಂದು ಭಾಗ 1953ರಲ್ಲಿ ಹುಟ್ಟಿದ ಸೇನೆಯ 61ನೇ ಕ್ಯಾವಲ್ರಿಗೆ ಸೇರಿತು. ಅದು ಇರೋದು ಜೈಪುರದಲ್ಲಿ. ಇಲ್ಲಿ ನಮಗೆ ಕಾಣೋದು ಪೊಲೀಸರ ಅಶ್ವದಳ. ದಸರೆಗೆ ಮುಂಚೆ ಆನೆಗಳ ಜೊತೆ ಆ ಕುದುರೆಗಳಿಗೂ ತೋಪಿನ ಸದ್ದು ಅಭ್ಯಾಸ ಮಾಡಿಸ್ತಾರೆ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಸವಾರರು ಓಡೋ ಕುದುರೆ ಮೇಲಿಂದ ಭರ್ಜಿಯಲ್ಲಿ ನೆಲದ ಗೂಟ ಕೀಳುವಾಗ ನಾವೆಲ್ಲ ಶಿಳ್ಳೆ ಹೊಡೀತೀವಿ. ಅದು ಲ್ಯಾನ್ಸರುಗಳ ಯುದ್ಧದ ತಾಲೀಮು ಅಂತ ಕಾಮೆಂಟರಿಯಲ್ಲಿ ಒಂದು ಸಾಲು ಹೇಳಿದರೂ ಸಾಕಿತ್ತು.

ಸತ್ತವರಿಗೆ ಒಂದು ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ, ಹೆಸರುಗಳೂ ಇವೆ. ಮೈಸೂರು ಸಂಸ್ಥಾನದ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ಟಿಪ್ಪುವನ್ನು ಪಠ್ಯದಲ್ಲಿ ಇಡೋದಾ ತೆಗೆಯೋದಾ ಅಂತ ಸರ್ಕಾರ ಬದಲಾದಾಗಲೆಲ್ಲ ಕುಸ್ತಿಗೆ ಬೀಳುವ ನಾವು, ಈ ಸವಾರರ ಊರು, ಹೆಸರು, ಸತ್ತ ಜಾಗ, ಸತ್ತ ಕಾರಣ ಇಷ್ಟನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಒಂದು ಪಟ್ಟಿ ಮಾಡಿ ಅಂತ ಸರ್ಕಾರವನ್ನು ಕೇಳಬಹುದು. ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಕೂತು ಮಾಡುವಷ್ಟು ಕೆಲಸ ಅದು. ಮಾಡಿದರೆ 1914ರಿಂದ ಮಾಡಲಿ. ಜೋರ್ಡಾನ್ ಕಣಿವೆಯಲ್ಲಿ ಜ್ವರ ಬಂದು ಸತ್ತವನನ್ನೂ ಬಿಡದೆ ಸೇರಿಸಲಿ, ಹರಿತಾನಿನ ಹೆಸರುಗಳನ್ನೂ ಸೇರಿಸಲಿ.