ಹಂಡೆಗೊಂದು ಹಬ್ಬವಿದೆ, ಗೀಸರಿಗೆ?

ಮಗಳಿಗೋ ಮಗನಿಗೋ ಮಂಗಳೂರಿನಲ್ಲಿ ಸೀಟು ಸಿಕ್ಕಿತೆಂದು ರೂಮು ನೋಡಲು ಹೋಗುತ್ತೀರಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದೆಲ್ಲ ಕೇಳುತ್ತೀರಿ. ಬಚ್ಚಲುಮನೆಯ ಬಾಗಿಲು ತೆರೆದು, ಗೋಡೆಯ ಮೇಲಿರುವುದು ಗ್ಯಾಸಿನ ಗೀಸರೋ ಕರೆಂಟಿನದೋ ಎಂದು ನೋಡುವವರು ಕಡಿಮೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅದನ್ನೇ.

ನಮ್ಮ ಕಡೆ ಸ್ನಾನದ ಹಂಡೆಗೆ ವರ್ಷಕ್ಕೊಮ್ಮೆ ಸರ್ವಿಸ್ ಇತ್ತು. ಅದನ್ನು ದೀಪಾವಳಿಯ ನೀರು ತುಂಬುವ ಹಬ್ಬ ಎನ್ನುತ್ತಿದ್ದರು, ಅಷ್ಟೇ. ಹುಣಸೆಹುಳಿ ಹಾಕಿ ಹಂಡೆ ತಿಕ್ಕಿ, ಒಲೆಯ ಬೂದಿ ಬಾಚಿ, ಹೊಸ ನೀರು ತುಂಬಿ, ಕುತ್ತಿಗೆಗೆ ಹಿಂಡ್ಲೆ ಬಳ್ಳಿ ಸುತ್ತುತ್ತಿದ್ದರು. ತೂತು ಬಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಹಂಡೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಒದ್ದೆ ಮಡಲು ಊದಿ ಊದಿ ಕಣ್ಣು ಕೆಂಪಾದ ಹೆಂಗಸರನ್ನು ಕೇಳಿ. ಆದರೆ ಆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಹಂಚಿನ ಸಂದಿಯಿಂದ ಹೊರಗೂ ಹೋಗುತ್ತಿತ್ತು.

ಗ್ಯಾಸ್ ಗೀಸರಿನದು ಹಾಗಲ್ಲ. 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ ತಂಗಿ ಇಬ್ಬರೂ ಜೀವ ಬಿಟ್ಟರು. ಇಂಥ ಸಾವುಗಳನ್ನು ಪತ್ರಿಕೆಗಳು ಎಷ್ಟೋ ಸಲ 'ಅನಿಲ ಸೋರಿಕೆ' ಎಂದು ಬರೆಯುತ್ತವೆ. ಆ ಪದ ದಾರಿ ತಪ್ಪಿಸುತ್ತದೆ. ಸಿಲಿಂಡರಿನ ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯಲೆಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯಲು ಕೈಯಲ್ಲಿ ಬಲ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಗ್ಯಾಸ್ ಸರಿಯಾಗಿ ಉರಿಯಲು ಸುಮಾರು 12–13 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿರುವುದು ಸುಮಾರು 8. ನಮ್ಮ ಮಳೆಗಾಲದಲ್ಲಿ ಎರಚಲು ಬರುತ್ತದೆಂದು ಇದ್ದ ಒಂದು ಕಿಟಕಿಯನ್ನೂ ಮುಚ್ಚಿರುತ್ತೇವೆ.

ಹಾಗಾಗಿ ಗ್ಯಾಸ್ ಗೀಸರ್ ಬಚ್ಚಲ ಒಳಗೆ ಇರಲೇಬಾರದು. ಬಾಲ್ಕನಿಯಲ್ಲೋ ಹೊರಗೋಡೆಯಲ್ಲೋ ಇರಲಿ, ಬಿಸಿನೀರು ಪೈಪಿನಲ್ಲಿ ಒಳಗೆ ಬರಲಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುವ ಮನೆಯೊಡೆಯರಿದ್ದಾರೆ. ಕರೆಂಟು ಹೋದಾಗ ಫ್ಯಾನ್ ನಿಲ್ಲುತ್ತದೆ, ಗ್ಯಾಸ್ ನಿಲ್ಲುವುದಿಲ್ಲ. ಪೈಪ್ ಎಳೆಯುವ ಖರ್ಚು ಬಾಡಿಗೆಗೆ ಬಂದವರದ್ದಲ್ಲ, ಮನೆಯೊಡೆಯರದ್ದು.

ಹೊರಗಿಟ್ಟರೂ ನೋಡಿಕೊಳ್ಳದೆ ಆಗದು. ಉರಿ ನೀಲಿ ಇರಬೇಕು. ಹಳದಿಯಾಯಿತು, ಮಸಿ ಹಿಡಿಯಿತು ಅಂದರೆ ಬರ್ನರ್ ಕಟ್ಟಿದೆ. ಮೆಕ್ಯಾನಿಕ್ ಬರುವವರೆಗೆ ಹಚ್ಚಬೇಡಿ. ರಬ್ಬರ್ ಪೈಪಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಕರೆಂಟಿನ ಗೀಸರಾದರೆ ಅರ್ತಿಂಗ್ ಮತ್ತು ಸೇಫ್ಟಿ ವಾಲ್ವ್ ನೋಡಿಸಿ.

ಇದಕ್ಕೆಲ್ಲ ದಿನ ಯಾವುದೆಂದರೆ ನೀರು ತುಂಬುವ ಹಬ್ಬವೇ ಇದೆಯಲ್ಲ. ಹಬ್ಬದ ವಾರ ಮೆಕ್ಯಾನಿಕ್ ಸಿಗುವುದಿಲ್ಲ, ನವರಾತ್ರಿಗೇ ಹೇಳಿಡಿ.

ಒಳಗೆ ಹೋದವರು ಕರೆದರೆ ಓಗೊಡದಿದ್ದರೆ ಬಾಗಿಲು ಒಡೆಯಿರಿ, ಗ್ಯಾಸ್ ಆರಿಸಿ, ಅವರನ್ನು ಗಾಳಿಗೆ ಎಳೆದು ತಂದು 112ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ 'ಗ್ಯಾಸ್ ಗೀಸರ್ ಉರಿಯುತ್ತಿತ್ತು' ಎಂದು ಮೊದಲೇ ಹೇಳಿ.