ಹುಡುಕಿದ ಕೈಗೂ ಕೂಲಿ ಸಲ್ಲಬೇಕು

ಹೈದರಾಬಾದಿನ ಸುಲ್ತಾನ್ ಬಜಾರ್ ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆನ್ಸಿಗೆ ಸೇರಿದ್ದ ಪೇಟೆ. 1901ರಲ್ಲಿ ಸ್ಥಾಪನೆಯಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಇಲ್ಲಿಯದೇ. ‘ಕನ್ನಡ ರಾಜ್ಯ ರಮಾರಮಣ’ನೆಂಬ ಬಿರುದು ಹೊತ್ತ ಅರಸನ ಹೆಸರಿನಲ್ಲಿ ತೆಲುಗು ಗ್ರಂಥಾಲಯವೊಂದಿರುವುದು ಹೊರನಾಡ ಕನ್ನಡಿಗರಾದ ನಮಗೆ ಎಂದಿಗೂ ಹಿತವಾದ ಸಂಗತಿ. ಆ ಇಕ್ಕಟ್ಟಿನ ಪೇಟೆಯಲ್ಲಿಯೇ, ಒಂದು ಸಂಜೆ, ನಮ್ಮ ಹಳೆಯ ಪೆಟ್ರೋಲ್ ಕಾರು ಮೂರು ಬಾರಿ ನಿಂತುಹೋಯಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಒಳಗೆ ನಮ್ಮ ಮುಖಗಳಲ್ಲಿ ನಾಚಿಕೆ.

ರೋಗ ಹೊಸದಲ್ಲ. ಹೆದ್ದಾರಿಯಲ್ಲಿ ಸರಾಗವಾಗಿ ಓಡುವ ಕಾರು ಸಿಗ್ನಲ್ಲಿನಲ್ಲಿ ನಿಂತೊಡನೆ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಹೆಸರು ಬೇಡದ ಒಂದು ಸರ್ವಿಸ್ ಸೆಂಟರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದರು, ಥ್ರಾಟಲ್ ಬಾಡಿ ತೊಳೆದರು, ಇಂಜೆಕ್ಟರ್ ಶುಚಿ ಮಾಡಿದರು. ನಡುಕ ಹೋಗಲಿಲ್ಲ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯೆಂದು ಕಂಪ್ಯೂಟರ್ ತೋರಿಸುತ್ತಿದೆ, ಆದ್ದರಿಂದ ಸೆನ್ಸರನ್ನೇ ಬದಲಿಸೋಣವೆಂದರು. ಸುದ್ದಿ ಕೆಟ್ಟದ್ದೆಂದು ದೂತನನ್ನು ದಂಡಿಸುವ ಪದ್ಧತಿ ಇದಲ್ಲದೆ ಮತ್ತೇನು?

ಆ ಸಂಜೆ ಪಕ್ಕದ ಓಣಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ತೆರೆದರು. ಒಂದು ಗೇಣುದ್ದದ ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಓಡುತ್ತಿದ್ದ ಎಂಜಿನ್ನಿನ ಪೈಪುಗಳ ಬಳಿ ಮೆಲ್ಲನೆ ಆಡಿಸಿದರು. ಬ್ರೇಕ್ ಬೂಸ್ಟರಿಗೆ ಹೋಗುವ ಪೈಪಿನ ಬಳಿ ಕೈ ನಿಂತಿತು. ಇಕ್ಕಳದಿಂದ ಅದನ್ನು ಒತ್ತಿದೊಡನೆ ನಡುಕ ಅಡಗಿತು. ‘ಹವಾ ಖೀಂಚ್‌ ರಾ, ಸಾಬ್’ ಎಂದರು, ದಖ್ಖನಿಯಲ್ಲಿ. ಗಾಳಿ ಎಳೆದುಕೊಳ್ಳುತ್ತಿದೆಯೆಂದು.

ಅವರ ಮಾತಿನಲ್ಲಿದ್ದ ವಿಜ್ಞಾನ ಸರಳ. ಎಂಜಿನ್ ನಿಧಾನವಾಗಿ ತಿರುಗುವಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಬಹಳ ಕಡಿಮೆ. ಸಮುದ್ರಮಟ್ಟದಲ್ಲಿ ಸುಮಾರು 45ರಿಂದ 55 ಸೆಂಟಿಮೀಟರ್ ಪಾದರಸದಷ್ಟು ವ್ಯತ್ಯಾಸ. ಎಲ್ಲಿ ಬಿರುಕಿದೆಯೋ ಅಲ್ಲಿಂದ ಗಾಳಿ ನುಗ್ಗುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ನಮ್ಮದರಂತೆ ಬರುವ ಗಾಳಿಯನ್ನು ಬಾಗಿಲಲ್ಲೇ ಅಳೆಯುವ ಕಾರಿನಲ್ಲಿ ಕಳ್ಳದಾರಿಯ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕ ತಪ್ಪುತ್ತದೆ, ಎಂಜಿನ್ ತಡವರಿಸುತ್ತದೆ. ವೇಗ ಹೆಚ್ಚಿದಾಗ ನೇರ ದಾರಿಯಿಂದಲೇ ಅಪಾರ ಗಾಳಿ ಬರುವುದರಿಂದ ಸೋರಿಕೆಯ ಪಾಲು ಅಲ್ಪವಾಗುತ್ತದೆ. ಹೆದ್ದಾರಿಯಲ್ಲಿ ರೋಗ ಮರೆಯಾಗುತ್ತಿದ್ದುದು ಇದರಿಂದಲೇ. ಸೆನ್ಸರ್ ಸುಳ್ಳು ಹೇಳಿರಲಿಲ್ಲ.

ಅದಕ್ಕಿಂತ ಗಂಭೀರವಾದ ಮಾತೊಂದನ್ನೂ ಅವರು ಹೇಳಿದರು. ಇದೇ ಪೈಪಿನ ಬಲದಿಂದ ಬ್ರೇಕಿಗೆ ನೆರವು ದೊರೆಯುತ್ತದೆ. ಬಿರುಕು ಬೆಳೆದು ಪೈಪು ಹರಿದಿದ್ದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಕಾರು ನಿಲ್ಲಿಸಲು ಕಾಲಿನ ಸರ್ವಶಕ್ತಿಯೂ ಬೇಕಾಗುತ್ತಿತ್ತು. ಮಕ್ಕಳನ್ನು ಕೂರಿಸಿಕೊಂಡು ನಾವು ಅದೇ ವಾರ ಬೀದರಿಗೆ ಹೋಗಿಬಂದಿದ್ದೆವು.

ಹೊಸ ಪೈಪು ಬಂತು, ಕ್ಲಿಪ್ಪು ಬಿಗಿಯಿತು, ಕಾರು ಶಾಂತವಾಯಿತು. ಹಣವೆಷ್ಟೆಂದಾಗ ಅವರು ಹೇಳಿದ್ದು ಪೈಪಿನ ಬೆಲೆ, ಮೇಲೆ ಅದನ್ನು ಜೋಡಿಸಿದ ಅಲ್ಪ ಕೂಲಿ. ಹುಡುಕಿದ್ದಕ್ಕೆ ಏನೂ ಇಲ್ಲ! ಅತ್ತ ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿಯೂ ಹುಡುಕಾಟಕ್ಕೆ ಸಾಲಿರಲಿಲ್ಲ. ಅಲ್ಲಿ ಹುಡುಕಾಟವೇ ನಡೆದಿರಲಿಲ್ಲ.

ನಮ್ಮ ತಕರಾರು ಇರುವುದು ಇಲ್ಲಿ. ನಾವು ವಸ್ತುವಿಗೆ ಹಣ ಕೊಡುತ್ತೇವೆ, ತಿಳಿವಿಗೆ ಕೊಡುವುದಿಲ್ಲ. ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಟ್ಟರೆ ಕೆಲಸವಾಯಿತೆಂದು ನಂಬುತ್ತೇವೆ; ಅರ್ಧ ಗಂಟೆ ಕಿವಿಗೊಟ್ಟು ಆಲಿಸಿದವರೊಡನೆ ‘ಒಂದು ಪೈಪಿಗೆ ಇಷ್ಟೇಕೆ’ ಎಂದು ಚೌಕಾಸಿಗಿಳಿಯುತ್ತೇವೆ. ಹೀಗಿರುವಾಗ ಭಾಗ ಬದಲಿಸುವವನು ಬದುಕುತ್ತಾನೆ, ಹುಡುಕುವವನು ಸೊರಗುತ್ತಾನೆ. ಈ ವ್ಯವಸ್ಥೆಯನ್ನು ಕಟ್ಟಿದವರು ಗ್ರಾಹಕರಾದ ನಾವೇ.

ಓಣಿಯ ವಿದ್ಯೆಯೆಲ್ಲವೂ ಪವಿತ್ರವೆಂದು ನಾವು ವಾದಿಸುತ್ತಿಲ್ಲ. ಬಿಸಿ ಎಂಜಿನ್ನಿನ ಮೇಲೆ ಉರಿಯುವ ದ್ರವ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿ ಬೆಂಕಿಗೆ ಆಹ್ವಾನ. ಪೈಪುಗಳಿಗೆ ಹೊಗೆ ತುಂಬಿ, ಅದು ಹೊರಬರುವ ಜಾಗವನ್ನು ಕಣ್ಣಿನಿಂದಲೇ ಕಾಣಿಸುವ ಯಂತ್ರ ಹೆಚ್ಚು ಸುರಕ್ಷಿತ, ಹೆಚ್ಚು ಖಚಿತ. ಕಿವಿಯಾಗಲಿ ಯಂತ್ರವಾಗಲಿ, ಪರೀಕ್ಷೆ ಮೊದಲು, ಬದಲಾವಣೆ ಆಮೇಲೆ ಎಂಬ ಕ್ರಮ ಮುಖ್ಯ.

ಆದ್ದರಿಂದ ನೀವು ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ದುಬೈಯಲ್ಲಿರಿ, ಮುಂದಿನ ಬಾರಿ ಒಂದು ಭಾಗ ಬದಲಿಸಬೇಕೆಂದು ಯಾರಾದರೂ ಹೇಳಿದಾಗ ‘ಯಾವ ಪರೀಕ್ಷೆಯಿಂದ ತಿಳಿಯಿತು?’ ಎಂದು ವಿನಯದಿಂದ ಕೇಳಿ. ಉತ್ತರ ಸಿಕ್ಕರೆ ಆ ಉತ್ತರಕ್ಕೂ ಹಣ ಕೊಡಿ. ನಾವು ಅಂದು ಕೊಟ್ಟೆವು. ಆ ಹಿರಿಯರು ಮೊದಲು ಬೇಡವೆಂದರು. ‘ಇದು ಪೈಪಿಗಲ್ಲ, ಕಿವಿಗೆ’ ಎಂದಾಗ ನಕ್ಕು ಜೇಬಿಗಿಳಿಸಿದರು.